ಖಂಡೇಪೂಜೆಗೆ ಇಟ್ಟ ನಾಲ್ಕು ಡಿಸ್ಕುಗಳು

ಕೊರೊನಾ ಗದ್ದಲ ಅಡಗಿ ಎರಡು ವರ್ಷ ಕಳೆದಿತ್ತು. ಆಗ ನಾನು ಸಿಂದಗಿಯಲ್ಲಿ ಮುಖ್ಯ ಕಚೇರಿಯಿದ್ದ ಒಂದು ಖಾಸಗಿ ಎಕ್ಸ್‌ರೇ ಮತ್ತು ಸ್ಕ್ಯಾನ್ ಸೆಂಟರ್‌ನ ಆಡಳಿತಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಜನರೇಟರ್‌ಗೆ ಡೀಸೆಲ್ ತರಿಸುವುದರಿಂದ ಹಿಡಿದು ಲಗ್ನದ ಸೀಜನ್ನಿನಲ್ಲಿ ರಜೆ ಕೇಳಿದವರಿಗೆ ಇಲ್ಲ ಅನ್ನುವವರೆಗೆ, ಡಾಕ್ಟರ್ ಮಾಡದ ಎಲ್ಲವೂ ನನ್ನ ಪಾಲಿಗೆ. ಇಂಡಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಲ್ಲಿ ನಮ್ಮ ಶಾಖೆಗಳಿದ್ದವು. ಅಲ್ಲಿ ತೆಗೆದ ಎಕ್ಸ್‌ರೇಗಳು ಇಂಟರ್ನೆಟ್ ಮೂಲಕ ಸಿಂದಗಿಯ ಸರ್ವರ್‌ಗೆ, ಅಂದರೆ ಎಲ್ಲ ಫೈಲುಗಳನ್ನು ಒಂದೆಡೆ ಕೂಡಿಡುವ ದೊಡ್ಡ ಕಂಪ್ಯೂಟರಿಗೆ ಬರುತ್ತಿದ್ದವು. ನಮ್ಮ ಮಾಲೀಕರಾದ ಡಾಕ್ಟರ್ ಸಾಹೇಬರು ಸಿಂದಗಿಯಲ್ಲೇ ಕೂತು ನಾಲ್ಕೂ ಊರಿನವರ ಎದೆ, ಬೆನ್ನು, ಮೊಣಕಾಲು ನೋಡಿ ರಿಪೋರ್ಟ್ ಬರೆಯುತ್ತಿದ್ದರು.

ಈಗ ನಾನು ನಿವೃತ್ತಳು. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಹೊತ್ತು ಹೋಗುವುದಿಲ್ಲವೆಂದಲ್ಲ. ತಂಗಿಯ ಮಕ್ಕಳಿದ್ದಾರೆ, ಓಣಿಯ ಜನರಿದ್ದಾರೆ, ಬೇಕಾದಷ್ಟು ಹರಟೆಯಿದೆ. ಆದರೂ ಮುಂಜಾನೆ ಚಹಾ ಕುಡಿಯುವ ಹೊತ್ತಿಗೆ ಆ ಕಚೇರಿ ನೆನಪಾಗಿ ಜೀವ ಎಳೆದಂತಾಗುತ್ತದೆ. ಅದರಲ್ಲೂ ಒಬ್ಬ ಮನುಷ್ಯ ನೆನಪಾಗುತ್ತಾನೆ. ನಮ್ಮ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಗುರುನಾಥ. ಯಾವ ಕಂಪನಿಗೆ ಯಾವ ಕೆಲಸ ಕೊಡಬೇಕು ಎಂದು ನಾನು ತೆಗೆದುಕೊಂಡ ಒಂದು ನಿರ್ಧಾರದ ಕಥೆಯನ್ನು ಹೇಳಹೊರಟರೆ ಅದು ಅವನ ಕಥೆಯೇ ಆಗುತ್ತದೆ. ಆಗಲಿ.

ಗುರುನಾಥ ತಾಂಬಾದವನು. ಇಂಡಿಯಲ್ಲಿ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿಯ ಅಂಗಡಿ ಇಟ್ಟಿದ್ದ. ನಾವು ಮೊದಲ ಕಂಪ್ಯೂಟರ್ ಕೊಂಡದ್ದು ಅವನಿಂದಲೇ. ಅಂದಿನಿಂದ ನಾಲ್ಕೂ ಊರಿನ ಕಂಪ್ಯೂಟರ್, ಪ್ರಿಂಟರ್, ಕೇಬಲ್, ಇಂಟರ್ನೆಟ್ ಎಲ್ಲವೂ ಅವನ ಸುಪರ್ದಿಗೆ ಬಂದವು. ವರ್ಷಕ್ಕೊಮ್ಮೆ ಮಾಡುವ ನಿರ್ವಹಣಾ ಕರಾರು ಇತ್ತು ಎನ್ನುವುದು ನಿಜ, ಆದರೆ ಕರಾರಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚನ್ನು ಅವನು ಮಾಡುತ್ತಿದ್ದ. ಟೇಬಲ್ ಫ್ಯಾನ್ ಕೆಟ್ಟರೂ ಅವನನ್ನೇ ಕರೆಯುತ್ತಿದ್ದೆವು. ಬೈಯುತ್ತಲೇ ರಿಪೇರಿ ಮಾಡುತ್ತಿದ್ದ.

ವಾರಕ್ಕೊಮ್ಮೆ ಸಿಂದಗಿಗೆ ಬರುವಾಗ ಬೈಕಿನ ಹ್ಯಾಂಡಲ್ಲಿಗೆ ತಮ್ಮ ತೋಟದ ಲಿಂಬೆಹಣ್ಣಿನ ಚೀಲ ನೇತಾಡುತ್ತಿತ್ತು. ಬಾಗಿಲಲ್ಲೇ "ಅಕ್ಕಾರ, ಯಾವ ಮಷಿನ್ ಅಳಾಕತ್ತೈತ್ರಿ ಇವತ್ತ?" ಎಂದು ಕೂಗುತ್ತಿದ್ದ. ನಾನು ಅವನಿಗಿಂತ ಹದಿನೈದು ವರ್ಷ ದೊಡ್ಡವಳು, ತಮ್ಮನಂತೆ ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ನನಗೆ ಒಡಹುಟ್ಟಿದ ತಮ್ಮನಿಲ್ಲ. ಇದ್ದಿದ್ದರೆ ಹೀಗೆಯೇ ನನ್ನ ತಲೆ ತಿನ್ನುತ್ತಿದ್ದ ಅನಿಸುತ್ತಿತ್ತು.

ಕಚೇರಿಯ ಮುಂಬಾಗಿಲ ಕೀಲಿಯ ಒಂದು ಜೊತೆ ಅವನ ಬಳಿ ಇತ್ತು. ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಅವನದೇ ಕೈಯಲ್ಲಿ. ಈ ಪಾಸ್‌ವರ್ಡ್ ಇದ್ದವರು ಯಾವ ಫೈಲನ್ನಾದರೂ ತೆರೆಯಬಹುದು, ಅಳಿಸಬಹುದು. ಇಂಡಿಯ ಅಂಗಡಿಯಲ್ಲಿ ಕೂತು ನಮ್ಮ ಕಂಪ್ಯೂಟರುಗಳೊಳಗೆ ಹೋಗಲು ಅವನು ರಿಮೋಟ್ ಆಕ್ಸೆಸ್ ಎಂಬ ವ್ಯವಸ್ಥೆಯನ್ನೂ ಇಟ್ಟುಕೊಂಡಿದ್ದ. ಮುದ್ದೇಬಿಹಾಳದಲ್ಲಿ ಪ್ರಿಂಟರ್ ನಿಂತರೆ ಅಲ್ಲಿಗೆ ಹೋಗುವ ಗೋಜಿಲ್ಲ, ಕೂತಲ್ಲಿಂದಲೇ ಸರಿಮಾಡಿಬಿಡುತ್ತಿದ್ದ. ನಾಲ್ಕೂ ಊರಿಗೆ ಒಂದೇ ಪಾಸ್‌ವರ್ಡ್, ಡಾಕ್ಟರ್ ತಾಯಿಯ ಹೆಸರು. ಅದು ಸಿಬ್ಬಂದಿಗೆಲ್ಲ ಗೊತ್ತು, ಹಿಂದೆ ಕೆಲಸ ಬಿಟ್ಟವರಿಗೂ ಗೊತ್ತು. ನಮ್ಮ ಕಡೆ ಜೊತೆಗೆ ಊಟ ಮಾಡುವವರಿಂದ ಪಾಸ್‌ವರ್ಡ್ ಮುಚ್ಚಿಡುವುದೆಂದರೆ ಅವಮಾನ ಮಾಡಿದಂತೆಯೇ.

ಇಷ್ಟಾದರೂ ಗುರುನಾಥ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬ್ಯಾಕಪ್, ಅಂದರೆ ಫೈಲುಗಳ ಇನ್ನೊಂದು ಪ್ರತಿ. ಪ್ರತಿ ಊರಿಗೂ ಒಂದೊಂದು ಹಾರ್ಡ್ ಡಿಸ್ಕ್ ಕೊಡಿಸಿದ್ದ. ಶನಿವಾರ ಅದನ್ನು ಕಂಪ್ಯೂಟರಿಗೆ ಹಚ್ಚಿ ಪ್ರತಿ ತೆಗೆಯಬೇಕು, ಮುಗಿದ ತಕ್ಷಣ ಬಿಚ್ಚಿ ಕಪಾಟಿನಲ್ಲಿಟ್ಟು ಕೀಲಿ ಹಾಕಬೇಕು. ಬಿಚ್ಚದೆ ಬಿಟ್ಟವರಿಗೆ ಅವನಿಂದ ಬೈಗುಳ ತಪ್ಪುತ್ತಿರಲಿಲ್ಲ. ಆ ನಿಯಮವನ್ನು ನಾವು ವರ್ಷವಿಡೀ ತಪ್ಪದೆ ಪಾಲಿಸಿದೆವು, ಖಂಡೇಪೂಜೆಯ ದಿನವೊಂದನ್ನು ಬಿಟ್ಟು.

ನಮ್ಮಲ್ಲಿ ಖಂಡೇಪೂಜೆ ಜೋರು. ಉಳಿದ ಕಡೆ ಆಯುಧಪೂಜೆ ಅನ್ನುತ್ತಾರೆ. ದುಡಿಯುವ ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂ. ನಾಲ್ಕೂ ಊರಿನ ಸಿಬ್ಬಂದಿ ಆವತ್ತು ಸಿಂದಗಿಗೆ ಬರುತ್ತಿದ್ದರು. ಎಕ್ಸ್‌ರೇ ಯಂತ್ರಗಳನ್ನು ಹೊತ್ತು ತರಲಾಗುವುದಿಲ್ಲವಲ್ಲ, ಅದಕ್ಕೆ ತಮ್ಮ ಊರಿನ ಗುರುತಾಗಿ ಕೈಗೆ ಸಿಗುವ ಸಾಮಾನನ್ನು ತರುತ್ತಿದ್ದರು. ಆ ವರ್ಷ ಎಲ್ಲರೂ ತಂದದ್ದು ಹಾರ್ಡ್ ಡಿಸ್ಕು. ಚಿಕ್ಕದು, ಚೀಲದಲ್ಲಿ ಹಿಡಿಸುತ್ತದೆ, ಮೇಲಾಗಿ ನಾಲ್ಕೂ ಊರಿನ ದುಡಿಮೆಯೆಲ್ಲ ಅದರೊಳಗೇ ಇದೆ.

ಡಾಕ್ಟರ್ ತಾಯಿಯನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಪೂಜೆಯ ಯಜಮಾನಿಕೆ ಅವರದು. ಸರ್ವರ್ ಮುಂದೆ ಸಾಲಾಗಿ ಇಟ್ಟ ಡಿಸ್ಕುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇವ್ಯಾಕೋ ಗುರು, ದೀಪ ಹತ್ತವಲ್ವು? ಬಂದ್ ಬಿದ್ದ ಮಷಿನ್‌ಗೆ ಯಾರರ ಪೂಜಿ ಮಾಡ್ತಾರೇನು?"

ಗುರುನಾಥ ನನ್ನ ಕಡೆ ನೋಡಿದ. ಆಮೇಲೆ ನಕ್ಕು, ಹಲವು ಡಿಸ್ಕುಗಳನ್ನು ಒಟ್ಟಿಗೆ ಹಚ್ಚಲು ಬರುವ ಹಬ್ ಒಂದನ್ನು ತಂದು ನಾಲ್ಕನ್ನೂ ಸರ್ವರ್‌ಗೆ ಹಚ್ಚಿದ. ನಾಲ್ಕೂ ನೀಲಿ ದೀಪ ಮಿಣುಕಿದವು. ಆಯಿಗೆ ಸಮಾಧಾನವಾಯಿತು. ಅವರು ಆರತಿ ಎತ್ತಿದರು, ನಾವು ಕೈಮುಗಿದೆವು. ಆ ಹೊತ್ತಿನಲ್ಲಿ ಬ್ಯಾಡ್ರಿ ಅನ್ನುವ ಮನುಷ್ಯ ಈ ನಾಲ್ಕು ತಾಲೂಕುಗಳಲ್ಲಿ ಸಿಗಲಾರ. ಪೂಜೆಗೆ ಕೂಡಿಸಿದ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವುದಿಲ್ಲ, ಅದೂ ಪದ್ಧತಿ. ಡಿಸ್ಕುಗಳು ಹಚ್ಚಿದಲ್ಲೇ ಉಳಿದವು. ನಾವು ಪೇಢೆ, ಚುರುಮುರಿ ತಿಂದು ಮನೆಗೆ ಹೋದೆವು.

ಹಬ್ಬ ಮುಗಿದು ಕಚೇರಿ ತೆರೆದ ಮುಂಜಾನೆ ಮೊದಲ ಫೋನ್ ಬಾಗೇವಾಡಿಯಿಂದ ಬಂತು. "ಅಕ್ಕಾರ, ಒಂದ ಫೈಲೂ ತೆರೀವಲ್ದು." ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಸಿಂದಗಿಯಲ್ಲೂ ಅದೇ ಸ್ಥಿತಿ. ಪರದೆಯ ತುಂಬ ಇಂಗ್ಲಿಷ್ ಬರಹ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ತೆರೆಯಬೇಕಾದರೆ ನಮ್ಮನ್ನು ಸಂಪರ್ಕಿಸಿ ಎಂಬ ಅರ್ಥದ್ದು. ಇದಕ್ಕೆ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ. ಕಂಪ್ಯೂಟರಿನೊಳಗೆ ನುಗ್ಗಿ ಫೈಲುಗಳನ್ನು ಓದಲಾಗದಂತೆ ಮಾಡಿ, ಬಿಡುಗಡೆಗೆ ಹಣ ಕೇಳುವ ಕಳ್ಳತನ. ಪೇಪರಿನಲ್ಲಿ ಓದಿದ್ದೆ. ಅದೆಲ್ಲ ಅಮೆರಿಕದ ದೊಡ್ಡ ಕಂಪನಿಗಳಿಗೆ ಬರುವ ರೋಗ ಅಂದುಕೊಂಡಿದ್ದೆ.

ಗುರುನಾಥ ಇಂಡಿಯಿಂದ ಬೈಕ್ ಓಡಿಸಿಕೊಂಡು ಬಂದ. ಸರ್ವರ್ ಕೋಣೆಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಇಣುಕಿದಾಗ ನೆಲದ ಮೇಲೆ ಕೂತಿದ್ದ. ಡಿಸ್ಕುಗಳ ಮೇಲಿನ ಚೆಂಡುಹೂ ಇನ್ನೂ ಬಾಡಿರಲಿಲ್ಲ.

"ಅಕ್ಕಾರ, ಇವೂ ಹೋದೂ" ಅಂದ. ಅಷ್ಟೇ ಮಾತು. ಸರ್ವರ್‌ಗೆ ಹಚ್ಚಿದ್ದೆಲ್ಲಕ್ಕೂ ಬೀಗ ಬಿದ್ದಿತ್ತು. ಮೂಲವೂ ಹೋಗಿತ್ತು, ಪ್ರತಿಗಳೂ ಹೋಗಿದ್ದವು.

ಡಾಕ್ಟರ್ ಸಾಹೇಬರು ಕಳ್ಳರಿಗೆ ಬಿಡಿಗಾಸು ಕೊಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದರು. ಪೊಲೀಸರಿಗೆ ದೂರು ಕೊಟ್ಟೆವು. ಕಳೆದದ್ದು ನಮ್ಮ ವ್ಯಾಪಾರವಷ್ಟೇ ಆಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕ್ಷಯಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರ ಎದೆಯ ಹಳೆಯ ಎಕ್ಸ್‌ರೇಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದರೆ ತಾನೇ ಗುಣವಾಗುತ್ತಿದೆಯೋ ಇಲ್ಲವೋ ತಿಳಿಯುವುದು? ಮುರಿದ ಎಲುಬು ಕೂಡಿತೇ, ಗಂಟು ಬೆಳೆಯಿತೇ ಎಂಬುದಕ್ಕೆಲ್ಲ ಹಳೆಯದು ಬೇಕು. ಜನ ನಮ್ಮನ್ನು ನಂಬಿ ಬಿಟ್ಟುಹೋದ ಆ ಹಳೆಯದೆಲ್ಲ ನಮ್ಮ ಕಣ್ಣೆದುರೇ ಇತ್ತು, ಆದರೆ ತೆರೆಯುತ್ತಿರಲಿಲ್ಲ.

ದಾರಿ ತೋರಿಸಿದವನು ಗುರುನಾಥನೇ. ಎಕ್ಸ್‌ರೇ ಫಿಲ್ಮನ್ನು ನಮ್ಮ ಕಡೆ ಫೋಟೋ ಅನ್ನುತ್ತಾರೆ, ಮತ್ತು ಯಾರೂ ಎಸೆಯುವುದಿಲ್ಲ. ಟ್ರಂಕಿನ ತಳದಲ್ಲೋ ಗೋಡೆಯ ಗೂಟಕ್ಕೆ ನೇತುಹಾಕಿದ ಚೀಲದಲ್ಲೋ ಇದ್ದೇ ಇರುತ್ತದೆ. ಅವನು ಊರೂರಿನ ವಾಟ್ಸಾಪ್ ಗುಂಪುಗಳಿಗೆ ಸುದ್ದಿ ಬಿಟ್ಟ. ಹಳೆಯ ಫೋಟೋ ಇದ್ದವರು ತನ್ನಿ, ಕಂಪ್ಯೂಟರಿಗೆ ಏರಿಸಿಕೊಂಡು ಮರಳಿ ಕೊಡುತ್ತೇವೆ ಎಂದು. ಜನ ಬಂದರು. ಆಲಮೇಲದಿಂದ ಬಸ್ಸು ಹತ್ತಿ ಬಂದರು, ಮನಗೂಳಿಯಿಂದ ಬಂದರು. ಒಬ್ಬ ಹಿರಿಯರ ಎದೆಯ ಫೋಟೋದ ಒಂದು ಮೂಲೆಯೇ ಇರಲಿಲ್ಲ. ಯಾಕೆಂದು ಕೇಳಿದರೆ, "ಮೊಮ್ಮಕ್ಕಳು ಗ್ರಹಣ ನೋಡಾಕ ಕತ್ತರಿಸ್ಯಾವ್ರಿ, ಉಳದದ್ದರ ನೋಡ್ಕೋರಿ" ಅಂದರು. ಅಷ್ಟು ದಿನಗಳಲ್ಲಿ ಗುರುನಾಥ ನಕ್ಕಿದ್ದು ಅದೊಂದೇ ಸಲ. ತನ್ನ ಅಂಗಡಿಗೆ ಶಟರ್ ಎಳೆದು, ವಾರಗಟ್ಟಲೆ ನಮ್ಮಲ್ಲಿ ಕೂತು ಒಂದೊಂದೇ ಫಿಲ್ಮ್ ಸ್ಕ್ಯಾನ್ ಮಾಡಿದ. ಎಲ್ಲವೂ ಮರಳಿ ಬರಲಿಲ್ಲ, ಆದರೆ ಚಿಕಿತ್ಸೆ ನಡೆಯುತ್ತಿದ್ದ ಬಹುಪಾಲು ಜನರದು ಬಂತು. ಇದಕ್ಕೆ ಕೂಲಿ ಎಷ್ಟು ಎಂದು ಕೇಳಿದ್ದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದ.

ಡಾಕ್ಟರ್ ಸಾಹೇಬರ ಗೆಳೆಯರೊಬ್ಬರು ಹುಬ್ಬಳ್ಳಿಯ ಒಂದು ಸೈಬರ್ ಸೆಕ್ಯೂರಿಟಿ ಕಂಪನಿಯ ಹೆಸರು ಹೇಳಿದ್ದರು. ಅಲ್ಲಿಂದ ತನಿಖೆಗೆ ಬಂದವರು ರೆಹಾನಾ ಎಂಬ ತರುಣಿ. ದೊಡ್ಡ ಸಾಹೇಬರು ಬರಬಹುದೆಂದು ನಾವು ಕುರ್ಚಿ ಒರೆಸಿ ಕಾಯುತ್ತಿದ್ದರೆ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಬಸ್ಸಿನಿಂದ ಇಳಿದು ನಡೆದೇ ಬಂದರು. ಕಳ್ಳರು ಬಂದ ದಾರಿಯನ್ನು ಎರಡು ದಿನ ಕೂತು ಹುಡುಕಿದರು. ಕಳ್ಳರು ನುಗ್ಗಿದ್ದು ರಿಮೋಟ್ ಆಕ್ಸೆಸ್ ಮೂಲಕ. ಯಾವಾಗಲೂ ತೆರೆದೇ ಇದ್ದ ಬಾಗಿಲು, ಊರಿಗೆಲ್ಲ ಗೊತ್ತಿದ್ದ ಪಾಸ್‌ವರ್ಡು. ಬ್ಯಾಕಪ್ ಡಿಸ್ಕುಗಳನ್ನೆಲ್ಲ ಒಟ್ಟಿಗೆ ಏಕೆ ಹಚ್ಚಿದ್ದಿರಿ ಎಂದು ರೆಹಾನಾ ಕೇಳಿದರು. ಆಯಿಯೇ ಮುಂದೆ ಬಂದು, "ನಾನ ಹಚ್ಚಿಸಿದ್ನವ್ವಾ, ಪೂಜಿಗೆ" ಅಂದರು. ಈಗ ಪಾಠ ಶುರುವಾಗುತ್ತದೆ ಅಂದುಕೊಂಡೆ.

ರೆಹಾನಾ ನಕ್ಕರು. "ನಮ್ಮಪ್ಪಾರ ಗ್ಯಾರೇಜಿನ್ಯಾಗೂ ಖಂಡೇಪೂಜಿ ಮಾಡ್ತಾರ್ರಿ ಆಯಿ. ಪೂಜಿ ಬಿಡಬ್ಯಾಡ್ರಿ. ಒಂದ ಡಿಸ್ಕ್ ಮಾತ್ರ ಮನ್ಯಾಗ ಬಿಟ್ಟ ಬರ್ರಿ."

ಅವರು ಹೋದ ಮೇಲೆ ಡಾಕ್ಟರ್ ಸಾಹೇಬರು ನನ್ನನ್ನು ಕರೆದರು. ಇನ್ನು ಮುಂದೆ ಕಂಪ್ಯೂಟರ್ ವ್ಯವಹಾರ ಯಾರ ಕೈಗೆ ಕೊಡಬೇಕು? ಗುರುನಾಥ ತಾನೇ ಫೈರ್‌ವಾಲ್ ಹಾಕಿ, ಅಂದರೆ ಹೊರಗಿನಿಂದ ಒಳಬರುವುದನ್ನು ತಡೆಯುವ ಉಪಕರಣ ಕೂಡಿಸಿ, ಎಲ್ಲವನ್ನೂ ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದ. ಹುಬ್ಬಳ್ಳಿಯವರು ಭದ್ರತೆಯ ಕೆಲಸ ಮಾತ್ರ ಮಾಡುತ್ತೇವೆ ಅನ್ನುತ್ತಿದ್ದರು. ನಮ್ಮ ಸುದ್ದಿ ಮೂಸಿಕೊಂಡು ಬಂದ ಮೂರನೆಯ ಕಂಪನಿಯೊಂದೂ ಇತ್ತು. ಅವರ ಹೊಳೆಯುವ ಪುಸ್ತಿಕೆಯ ಪುಟಪುಟದಲ್ಲೂ ಬೀಗದ ಚಿತ್ರ. ಎಲ್ಲವನ್ನೂ ನಾವೇ ಮಾಡುತ್ತೇವೆ, ನೀವು ನಿಶ್ಚಿಂತೆಯಿಂದಿರಿ ಎಂದರು. ಏನು ಮಾಡುತ್ತೀರಿ ಎಂದು ಕೇಳಿದರೆ ಮತ್ತೆ ಪುಸ್ತಿಕೆ ತೆರೆದರು. ಅವರಿಗೆ ಚಹಾ ಕುಡಿಸಿ ಕಳಿಸಿದೆ.

"ಇಬ್ಬರದೂ ಕೇಳ್ರಿ, ನೀವ ಹೇಳ್ರಿ. ನಾ ಸಹಿ ಮಾಡ್ತೇನಿ" ಎಂದರು ಡಾಕ್ಟರ್. ದೊಡ್ಡವರು ಹೀಗೆ ನಂಬಿಕೆಯಿಟ್ಟರೆ ಹೆಮ್ಮೆಯಾಗಬೇಕು. ನನಗೆ ಗುರುನಾಥನ ಮುಖ ಕಣ್ಣಮುಂದೆ ಬಂತು.

ಇಬ್ಬರಿಗೂ ಒಂದೇ ಪ್ರಶ್ನೆ ಕೇಳಬೇಕೆಂದುಕೊಂಡೆ. ನಾಳೆ ಮುಂಜಾನೆ ಮತ್ತೆ ಹೀಗೆಯೇ ಆದರೆ ಏನು ಮಾಡುತ್ತೀರಿ? ಗುರುನಾಥನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು.

"ಏನ್ ಮಾಡೂದ್ರಿ? ನಾ ಬರ್ತೇನಿ" ಅಂದ.

ಆ ಉತ್ತರವನ್ನು ನಾನು ಇಂದಿಗೂ ಮರೆತಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಬೇಕಾದ ಉತ್ತರ ಅದು. ನಮ್ಮ ಎಷ್ಟು ನೆಂಟರಿಂದ ಈ ಮಾತು ಬಂದೀತು? ಆದರೆ ನನ್ನೆದುರು ಇದ್ದದ್ದು ನಾಲ್ಕು ತಾಲೂಕಿನ ರೋಗಿಗಳ ಫೈಲುಗಳು.

ರೆಹಾನಾ ಫೋನಿನಲ್ಲಿ ಹೇಳಿದ್ದು ಬೇರೆ. "ನಾವ್ ಬರಾಕ ತಾಸಗಟ್ಟಲೆ ಬೇಕ್ರಿ ಮೇಡಂ. ಬಂದ್ರೂ ಏನ ಉಪಯೋಗ? ಕಳ್ಳ ಒಳಗ ಕಾಲಿಡೂ ಮೊದಲ ನಮಗ ಗೊತ್ತಾಗಬೇಕು. ಗೊತ್ತಾಗೂದ ನಮ್ಮ ಕೆಲಸ." ನಿಮ್ಮ ಕಂಪ್ಯೂಟರುಗಳಲ್ಲಿ ಯಾರು, ಎಲ್ಲಿಂದ, ಯಾವ ಹೊತ್ತಿಗೆ ಒಳಬಂದರು ಎಂಬುದನ್ನು ಹಗಲೂ ರಾತ್ರಿ ಗಮನಿಸುವ ತಂಡ ತಮ್ಮಲ್ಲಿದೆ ಎಂದರು. ಬ್ಯಾಕಪ್ ಇದೆಯೇ ಎಂದು ಕೇಳಿ ಸುಮ್ಮನಾಗುವುದಿಲ್ಲ, ಆಗಾಗ ಅದನ್ನು ತೆರೆದು ಫೈಲುಗಳು ಮರಳಿ ಬರುತ್ತವೆಯೇ ಎಂದು ಪರೀಕ್ಷಿಸುತ್ತೇವೆ ಎಂದೂ ಹೇಳಿದರು. ಪ್ರಿಂಟರ್ ಕೆಟ್ಟರೆ? "ಅದು ನಮ್ಮ ಕೆಲಸ ಅಲ್ರಿ. ಅದಕ್ಕ ನಿಮಗ ಗುರುನಾಥ್ ಸರ್ ಬೇಕು. ಅಂಥಾವ್ರನ್ನ ಬಿಡಬ್ಯಾಡ್ರಿ."

ಅಂದು ನನಗೆ ಎರಡು ವೃತ್ತಿಗಳ ವ್ಯತ್ಯಾಸ ಹೊಳೆಯಿತು. ಸಾಮಾನ್ಯ ಐಟಿ ಸೇವೆ ಕೊಡುವವರ ಗಮನವೆಲ್ಲ ಕೆಲಸ ನಿಲ್ಲಬಾರದು ಎನ್ನುವುದರ ಮೇಲೆ. ಅವರಿಗೆ ಬಾಗಿಲುಗಳು ತೆರೆದಿದ್ದರೆ ಅನುಕೂಲ. ಭದ್ರತೆಯವರಿಗೆ ಪ್ರತಿಯೊಂದು ತೆರೆದ ಬಾಗಿಲ ಮೇಲೂ ಅನುಮಾನ. ಎರಡೂ ಸ್ವಭಾವಗಳು ಬೇಕು, ಆದರೆ ಒಬ್ಬನಲ್ಲೇ ಎರಡನ್ನೂ ಹುಡುಕುವುದು ತಪ್ಪು. ತಾನೇ ಹಚ್ಚಿದ ವೈರನ್ನು ತಾನೇ ಅನುಮಾನಿಸು ಎಂದು ಗುರುನಾಥನಿಗೆ ಹೇಳಿದರೆ ಅವನು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಾನೆ, ಆದರೂ ಅವನ ಕಣ್ಣಿಗೆ ಅದು ಕಾಣುವುದಿಲ್ಲ. ಲೆಕ್ಕ ಬರೆದವರ ಕೈಗೇ ಲೆಕ್ಕಪರಿಶೋಧನೆ ಕೊಡುತ್ತೇವೆಯೇ? ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವೆಲ್ಲ ಹಾಗೆ ಕೊಟ್ಟು ಹಾಯಾಗಿರುತ್ತೇವೆ.

ನಾನು ಕೆಲಸವನ್ನು ಎರಡು ಭಾಗ ಮಾಡಲು ಶಿಫಾರಸು ಬರೆದೆ. ದಿನನಿತ್ಯದ ಐಟಿ ಕೆಲಸ ಗುರುನಾಥನಿಗೆ, ಭದ್ರತೆ ಹುಬ್ಬಳ್ಳಿಯವರಿಗೆ. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಭದ್ರತೆಯವರು ಷರತ್ತುಗಳನ್ನು ಹಾಕಿದರು, ಎಲ್ಲವೂ ನ್ಯಾಯವಾದವೇ. ಅಡ್ಮಿನ್ ಪಾಸ್‌ವರ್ಡ್ ಗುರುನಾಥನ ಬಳಿ ಇರಕೂಡದು. ಅವನು ರಿಮೋಟ್ ಮೂಲಕ ಒಳಬರಬೇಕಾದರೆ ಪ್ರತಿ ಸಲವೂ ನನ್ನ ಮೊಬೈಲಿಗೆ ಬರುವ ನಂಬರನ್ನು ಕೇಳಿ ಪಡೆಯಬೇಕು. ಒಳಗೆ ಏನು ಮಾಡಿದ ಎಂಬುದು ದಾಖಲಾಗುತ್ತದೆ.

ಅದನ್ನು ಅವನಿಗೆ ಹೇಳುವ ಕೆಲಸವೂ ನನ್ನದೇ. ಒಂದು ಮಧ್ಯಾಹ್ನ, ಊಟವಾದ ಮೇಲೆ, ಕಚೇರಿಯ ಕಟ್ಟೆಯ ಮೇಲೆ ಕೂತು ಹೇಳಿದೆ. ಅವನು ಸುಮ್ಮನೆ ಕೇಳಿದ. ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನನ್ನ ಮ್ಯಾಲ ಸಂಶೇ ಐತೇನ್ರಿ ಅಕ್ಕಾರ?"

"ಎಂಥಾ ಮಾತೋ ಗುರು? ಇಲ್ಲಪಾ."

"ಮತ್ತ ಯಾಕ್ರಿ?"

"ಸಂಶೇ ಇಲ್ದವ್ರನ್ನೂ ಕೇಳೂ ನಿಯಮ ಇದ್ರ ಮಾತ್ರ ಸಂಶೇ ಬಂದವ್ರನ್ನ ಕೇಳಾಕ ಬರ್ತೈತಿ. ನನ್ನನ್ನೂ ಕೇಳ್ತಾರ, ಡಾಕ್ಟರ್‌ಗೂ ಕೇಳ್ತಾರ."

ಅವನು ತಲೆಯಾಡಿಸಿದ. ಕಿಸೆಯಿಂದ ಪೆನ್ ತೆಗೆದು ಕರಾರಿಗೆ ಸಹಿ ಹಾಕಿದ. ಆಮೇಲೆ, ಯಾರೂ ಕೇಳದಿದ್ದರೂ, ಬೈಕಿನ ಕೀಲಿಗೊಂಚಲಿನಿಂದ ನಮ್ಮ ಮುಂಬಾಗಿಲ ಕೀಲಿಗಳನ್ನು ಬಿಡಿಸಿ ಕಟ್ಟೆಯ ಮೇಲಿಟ್ಟ. ಅದು ಷರತ್ತಿನಲ್ಲಿ ಇರಲೇ ಇಲ್ಲ. ಅದನ್ನು ಇಟ್ಟುಕೋ ಎಂದು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ನನಗೆ ಅಳು ಬಂದಿತ್ತು, ಆದರೆ ಆಡಳಿತಾಧಿಕಾರಿ ಕಟ್ಟೆಯ ಮೇಲೆ ಕೂತು ಅಳಲಾದೀತೇ? ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಹೊಸ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಗುರುನಾಥ ಕರೆದಾಗ ಬರುತ್ತಿದ್ದ, ಮೊದಲಿಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದ. ಆದರೆ ಫೋನಿನ ಮಾತು ದಿನದಿನಕ್ಕೆ ಸಣ್ಣದಾಯಿತು. ಮೊದಲು ಅವನು ಫೋನ್ ಮಾಡಿದರೆ ಮಳೆ, ತೋಟ, ಅವನ ಮಗಳ ಶಾಲೆ, ನನ್ನ ಮಂಡಿನೋವು ಎಲ್ಲ ಮುಗಿದ ಮೇಲೆ ಪ್ರಿಂಟರಿನ ಸುದ್ದಿ ಬರುತ್ತಿತ್ತು. ಈಗ "ಅಕ್ಕಾರ, ನಂಬರ್ ಹೇಳ್ರಿ" ಅನ್ನುತ್ತಿದ್ದ. ನಾನು ಆರು ಅಂಕಿ ಹೇಳುತ್ತಿದ್ದೆ. "ಆತ್ರಿ" ಎಂದು ಇಟ್ಟುಬಿಡುತ್ತಿದ್ದ. ಆ ನಂಬರು ಒಂದೆರಡು ನಿಮಿಷದಲ್ಲಿ ಸತ್ತುಹೋಗುತ್ತದೆ, ಆದ್ದರಿಂದ ಅವನು ಅವಸರ ಮಾಡುವುದು ಸಹಜ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಎಷ್ಟೋ ಸಲ ಅವನು ಫೋನ್ ಇಟ್ಟ ಮೇಲೂ ನನ್ನದನ್ನು ಕೈಯಲ್ಲೇ ಹಿಡಿದು ಕೂತಿರುತ್ತಿದ್ದೆ. ಇನ್ನೊಂದು ಸಲ ಹಳೆಯ ಹಾಗೆ ತಲೆ ತಿನ್ನಬಾರದೇ ಇವನು, ಅನಿಸುತ್ತಿತ್ತು.

ವರ್ಷದ ಕರಾರು ಮುಗಿಯುವ ಹೊತ್ತಿಗೆ ಬಂದು, ಮುಂದಿನ ವರ್ಷದಿಂದ ತನಗೆ ಆಗುವುದಿಲ್ಲ ಎಂದ. ಇಂಡಿಯಲ್ಲೇ ಕೆಲಸ ಹೆಚ್ಚಾಗಿದೆ ಎಂಬ ಕಾರಣ ಹೇಳಿದ. ಇರಬಹುದು. ಹೋಗುವ ಮೊದಲು ನಾಲ್ಕೂ ಊರಿನ ಪ್ರತಿ ವೈರಿಗೂ ಚೀಟಿ ಅಂಟಿಸಿದ, ತನ್ನ ಬದಲಿಗೆ ಬಂದ ಸಿಂದಗಿಯ ಕಂಪ್ಯೂಟರ್ ಅಂಗಡಿಯವರಿಗೆ ಎರಡು ದಿನ ಜೊತೆಗಿದ್ದು ತೋರಿಸಿಕೊಟ್ಟ. ಡಾಕ್ಟರ್ ಸಾಹೇಬರು ಶಾಲು ಹೊದಿಸಿದರು. ಆಯಿ ಬುತ್ತಿ ಕಟ್ಟಿಕೊಟ್ಟರು, ಸಜ್ಜಿ ರೊಟ್ಟಿ ಮತ್ತು ಶೇಂಗಾ ಹಿಂಡಿ. ನಾನು ಗೇಟಿನವರೆಗೆ ಹೋದೆ. ಅವನು ಬುತ್ತಿಯನ್ನು ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿ ಹೊರಟ.

ಅವನು ಹೋದ ಕೆಲವು ತಿಂಗಳಿಗೆ ಒಂದು ಮುಂಜಾನೆ ಹುಬ್ಬಳ್ಳಿಯಿಂದ ರೆಹಾನಾ ಫೋನ್ ಮಾಡಿದರು. ಮುದ್ದೇಬಿಹಾಳದ ನಮ್ಮ ಸಿಬ್ಬಂದಿಯೊಬ್ಬರ ಪಾಸ್‌ವರ್ಡ್ ಹೇಗೋ ಕಳ್ಳರಿಗೆ ಸಿಕ್ಕಿದೆ, ಒಳಗೆ ಬರಲು ನೋಡಿದ್ದಾರೆ, ಮೊಬೈಲಿಗೆ ಬರುವ ನಂಬರು ಇಲ್ಲದ್ದರಿಂದ ಬಾಗಿಲಲ್ಲೇ ನಿಂತಿದ್ದಾರೆ, ಆ ಖಾತೆಯನ್ನು ನಾವು ಆಗಲೇ ಬಂದ್ ಮಾಡಿದ್ದೇವೆ ಎಂದರು. ನಾನು ಗಾಬರಿಯಿಂದ ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿದೆ. ಅಲ್ಲಿ ಎಂದಿನಂತೆ ಜನ ಸಾಲು ಹಚ್ಚಿದ್ದರು, ಎಕ್ಸ್‌ರೇ ನಡೆದಿತ್ತು, ಏನೋ ಆಗಿದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಒಂದು ಫೈಲೂ ಹೋಗಿರಲಿಲ್ಲ.

ಡಾಕ್ಟರ್ ಸಾಹೇಬರಿಗೆ ಹೇಳಿದೆ. ಚಲೋ ಆತು ಎಂದು ತಮ್ಮ ಕೆಲಸಕ್ಕೆ ಹೋದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಇದು ಎಷ್ಟು ದೊಡ್ಡ ಸುದ್ದಿ ಎಂದು ಅರ್ಥವಾಗುವ ಮನುಷ್ಯ ನನಗೆ ಗೊತ್ತಿದ್ದವರಲ್ಲಿ ಒಬ್ಬನೇ ಇದ್ದ. ಬಹಳ ಹೊತ್ತು ಹಿಂದೆಮುಂದೆ ನೋಡಿ ಗುರುನಾಥನಿಗೆ ಫೋನ್ ಮಾಡಿದೆ. ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ.

"ಎಲ್ಲಾ ಉಳದ್ವೇನ್ರಿ?"

"ಎಲ್ಲಾ ಉಳದ್ವಪಾ. ನೀ ಏರಿಸಿದ ಹಳೀ ಫೋಟೋ ಸೈತ."

ಅತ್ತ ಕಡೆ ಯಾವುದೋ ಗಿರಾಕಿಯ ಮಾತು ಕೇಳುತ್ತಿತ್ತು. ಗುರುನಾಥ ಅವರಿಗೆ ತಡೀರಿ ಅಂದು ಹೊರಗೆ ಬಂದಿರಬೇಕು, ಅವನ ದನಿ ಸಮೀಪವಾಯಿತು.

"ಚಲೋ ಆತ್ರಿ. ನೀವು ಮಾಡಿದ್ದ ಬರೋಬ್ಬರಿ ಇತ್ರಿ ಅಕ್ಕಾರ. ನನಗ ಆವತ್ತ ಗೊತ್ತಿತ್ತು. ಆದ್ರ ಕೇಳಿ ಕೇಳಿ ಒಳಗ ಬರೂದು ನನ್ನ ಕೈಲೆ ಆಗಲಿಲ್ರಿ, ಅಷ್ಟ."

ಮಗಳ ಸಾಲಿ ಹ್ಯಾಂಗ ನಡದೈತಿ ಎಂದು ಕೇಳಿದೆ. ಚಲೋ ನಡದೈತ್ರಿ ಎಂದ. ಆಮೇಲೆ ನಾವು ಮಾತಾಡಿಲ್ಲ.

ಸಣ್ಣ ಊರುಗಳಲ್ಲಿ ಆಸ್ಪತ್ರೆ, ಅಂಗಡಿ, ಗಿರಣಿ ನಡೆಸುವವರು ಈಗಲೂ ಕೆಲವೊಮ್ಮೆ ನನ್ನನ್ನು ಕೇಳುತ್ತಾರೆ, ಐಟಿಯವರು ಸಾಕೋ, ಸೆಕ್ಯೂರಿಟಿಯವರೂ ಬೇಕೋ ಎಂದು. ಎರಡೂ ಬೇಕು, ಬೇರೆ ಬೇರೆ ಕೈಯಲ್ಲಿ ಬೇಕು ಎನ್ನುತ್ತೇನೆ. ಅದಕ್ಕಿಂತ ಒತ್ತಿ ಹೇಳುವ ಮಾತು ಇನ್ನೊಂದಿದೆ. ಅದನ್ನು ಮೊದಲನೆಯ ದಿನವೇ ಮಾಡಿ, ಮನುಷ್ಯರು ಇನ್ನೂ ಅಪರಿಚಿತರಾಗಿರುವಾಗಲೇ. ಅಪರಿಚಿತನಿಗೆ ನಿಯಮ ಹೇಳಿದರೆ ಅದು ನಿಯಮವಾಗಿಯೇ ಕೇಳಿಸುತ್ತದೆ. ತಮ್ಮನಾದ ಮೇಲೆ ಹೇಳಿದರೆ ಅವನಿಗೆ ಬೇರೇನೋ ಕೇಳಿಸುತ್ತದೆ. ನಾವು ಮೊದಲ ಕಂಪ್ಯೂಟರ್ ಕೊಂಡ ದಿನವೇ ಕೆಲಸವನ್ನು ಹೀಗೆ ಹಂಚಿದ್ದರೆ ಫೈಲುಗಳೂ ಉಳಿಯುತ್ತಿದ್ದವು, ಗುರುನಾಥನೂ ಉಳಿಯುತ್ತಿದ್ದ.